ಜ್ವರವನ್ನು ಬೇಡಿದ ವೈದ್ಯ

ವೈದ್ಯಶಾಸ್ತ್ರದಲ್ಲಿ ನನಗೆ ಪ್ರವೇಶವಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ರೋಗದ ಹೆಸರು ಕಿವಿಗೆ ಬಿದ್ದರೂ ಅದರ ಧಾತು ಯಾವುದೆಂದು ಯೋಚಿಸುವುದು ನನ್ನ ಚಾಳಿ. ಅಂಥವನು ಒಬ್ಬ ಅಮೆರಿಕನ್ ಶಸ್ತ್ರವೈದ್ಯನ ಜೀವನವನ್ನು ಬರೆಯಹೊರಟಿರುವುದೇಕೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು.

ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಈಗ ಹೈಸ್ಕೂಲಿನಲ್ಲಿ ಉಪಾಧ್ಯಾಯಿನಿ. ಇಪ್ಪತ್ತೇಳರ ವಯಸ್ಸು. ಆಕೆಯ ತೊಡೆಯಲ್ಲಿ ಎರಡು ವರ್ಷಗಳಿಂದ ಒಂದು ಗಂಟು ಇದ್ದಿತು. ನೋವಿಲ್ಲ, ಬಾವಿಲ್ಲ, ಎಂದೋ ಬಸ್ಸಿನ ಮೆಟ್ಟಿಲು ತಗುಲಿದ್ದರ ಗುರುತೆಂದು ಭಾವಿಸಿ ಸುಮ್ಮನಿದ್ದಳು. ಒಂದು ದಿನ ಕರಿಹಲಗೆಯ ಮೇಲೆ ಬರೆಯುತ್ತಿದ್ದಂತೆಯೇ ಕೈ ಸೆಟೆದು, ಮಕ್ಕಳ ಕಣ್ಣೆದುರಿಗೇ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದರೆ ಮಿದುಳಿನಲ್ಲಿ ಎರಡು ಗಂಟುಗಳು, ಶ್ವಾಸಕೋಶದಲ್ಲಿ ಹಲವು. ಎಲ್ಲಕ್ಕೂ ತಾಯಿ, ಸದ್ದಿಲ್ಲದೆ ಕುಳಿತಿದ್ದ ಆ ತೊಡೆಯ ಗಂಟು. ಕಾಗದದ ಮೇಲೆ ವೈದ್ಯರು ಬರೆದುಕೊಟ್ಟ ಹೆಸರು ಆಲ್ವಿಯೋಲಾರ್ ಸಾಫ್ಟ್ ಪಾರ್ಟ್ ಸಾರ್ಕೋಮಾ. ಸಾರ್ಕೋಮಾ ಎಂಬುದರ ಮೂಲ, ಮಾಂಸವೆಂಬ ಅರ್ಥದ ಗ್ರೀಕ್ ಶಬ್ದ. ಆಲ್ವಿಯೋಲಸ್ ಎಂದರೆ ಲ್ಯಾಟಿನ್ನಿನಲ್ಲಿ ಸಣ್ಣ ಪೊಟರೆ. ಶಬ್ದಾರ್ಥ ತಿಳಿದದ್ದರಿಂದ ಅವಳಿಗೇನೂ ಉಪಕಾರವಾಗಲಿಲ್ಲ. ಆದರೆ ಆ ಹೆಸರು ಹುಟ್ಟಿದ ಸ್ಥಳವನ್ನು ಹುಡುಕುತ್ತ ಹೋದ ನಾನು ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯನ್ನು ಮುಟ್ಟಿದೆ. ಅಲ್ಲಿ, ಆ ಹೆಸರು ಹುಟ್ಟುವುದಕ್ಕಿಂತ ಬಹಳ ಮೊದಲೇ, ಸಾರ್ಕೋಮಾದೊಡನೆ ನಾಲ್ಕು ದಶಕಗಳ ಕಾಲ ಹೋರಾಡಿ, ಗೆದ್ದನೋ ಸೋತನೋ ತಿಳಿಯದಂತೆ ಹೊರಟುಹೋದ ವಿಲಿಯಂ ಬ್ರಾಡ್ಲಿ ಕೋಲಿಯನ್ನು ಕಂಡೆ.

ಕೋಲಿ ೧೮೬೨ರ ಜನವರಿಯಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಹುಟ್ಟಿದನು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದಿ ೧೮೮೪ರಲ್ಲಿ ಪದವೀಧರನಾದನು. ಅನಂತರ ಎರಡು ವರ್ಷ ದೇಶದ ಇನ್ನೊಂದು ಅಂಚಿನ ಆರೆಗನ್‌ಗೆ ಹೋಗಿ ಶಾಲೆಯೊಂದರಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಕಲಿಸಿದನು. ಎಂದರೆ ಆತನೂ ಮೊದಲು ನಮ್ಮಂತೆ ಹಳೆಯ ಭಾಷೆಗಳ ಮೇಷ್ಟ್ರೇ! ಈ ಒಂದು ಅಂಶದಿಂದಲೇ ನನಗೆ ಆತನಲ್ಲಿ ಸಲಿಗೆ ಹುಟ್ಟಿತೆಂದು ಒಪ್ಪಿಕೊಳ್ಳಬೇಕು. ಮುಂದೆ ಹಾರ್ವರ್ಡಿನಲ್ಲಿ ವೈದ್ಯಶಿಕ್ಷಣ ಪಡೆದು, ೧೮೮೮ರಲ್ಲಿ ಅದನ್ನು ಮುಗಿಸಿ, ನ್ಯೂಯಾರ್ಕ್ ಆಸ್ಪತ್ರೆಯಲ್ಲಿ ತರಬೇತಿ ಹೊಂದಿ, ೧೮೯೦ರಲ್ಲಿ ಸ್ವತಂತ್ರವಾಗಿ ವೃತ್ತಿಯನ್ನು ಆರಂಭಿಸಿದನು. ಆಗ ಇಪ್ಪತ್ತೆಂಟು ವರ್ಷ. ಕ್ರಿಮಿನಾಶಕ ವಿಧಾನಗಳು ಬಂದು ಶಸ್ತ್ರವೈದ್ಯರ ಕೈಗೆ ಹೊಸ ಧೈರ್ಯ ಬಂದಿದ್ದ ಕಾಲ ಅದು. ಕತ್ತರಿಸಿ ತೆಗೆದರೆ ಏನನ್ನಾದರೂ ವಾಸಿ ಮಾಡಬಹುದೆಂಬ ನಂಬಿಕೆ ತರುಣ ವೈದ್ಯರಲ್ಲೆಲ್ಲ ತುಂಬಿದ್ದಿತು.

ಆ ವರ್ಷದ ಅಕ್ಟೋಬರಿನಲ್ಲಿ ಎಲಿಜಬೆತ್ ಡ್ಯಾಶಿಯಲ್ ಎಂಬ ಹದಿನೇಳರ ಹುಡುಗಿ ಆತನ ಬಳಿಗೆ ಬಂದಳು. ಮನೆಯವರು ಬೆಸ್ಸಿ ಎಂದು ಕರೆಯುತ್ತಿದ್ದರು. ಬೇಸಗೆಯ ರೈಲುಪ್ರಯಾಣದಲ್ಲಿ ಆಕೆಯ ಬಲಗೈ ಆಸನದ ಸಂದಿನಲ್ಲಿ ಸಿಕ್ಕಿ ಜಜ್ಜಿದ್ದಿತು. ಅದೇನು ದೊಡ್ಡ ಗಾಯವೆಂದು ಯಾರಿಗೂ ತೋರಲಿಲ್ಲ. ಆದರೆ ಊತ ಇಳಿಯಲಿಲ್ಲ, ನೋವು ಬಿಡಲಿಲ್ಲ. ಕೋಲಿಯೂ ಮೊದಲು ಅದನ್ನು ಸಾಮಾನ್ಯ ಸೋಂಕೆಂದೇ ಎಣಿಸಿದನು. ಕೊಯ್ದು ನೋಡಿದರೆ ಕೀವಿಲ್ಲ. ಕಡೆಗೆ ಅದು ಸಾರ್ಕೋಮಾ ಎಂದು ನಿರ್ಣಯವಾಯಿತು. ನವೆಂಬರಿನಲ್ಲಿ ಮೊಳಕೈಯ ಕೆಳಗೆ ಕೈಯನ್ನು ಕತ್ತರಿಸಿ ತೆಗೆದನು. ಪ್ರಯೋಜನವಾಗಲಿಲ್ಲ. ಕೆಲವೇ ವಾರಗಳಲ್ಲಿ ಮೈಯ ನಾನಾ ಕಡೆ ಗಂಟುಗಳು ಎದ್ದವು. ಅಫೀಮಿನ ಸಾರವನ್ನು ಕೊಟ್ಟು ನೋವನ್ನು ಮರೆಸುವುದಲ್ಲದೆ ಬೇರೆ ದಾರಿಯಿಲ್ಲವಾಯಿತು. ೧೮೯೧ರ ಜನವರಿ ೨೩ರಂದು ಆಕೆ ತೀರಿಕೊಂಡಳು. ವೃತ್ತಿಯನ್ನು ಹಿಡಿದ ಮೊದಲ ವರ್ಷದಲ್ಲಿಯೇ, ತಾನು ಕಲಿತದ್ದನ್ನೆಲ್ಲ ತಪ್ಪಿಲ್ಲದೆ ಮಾಡಿದ ಮೇಲೂ, ಒಂದು ಎಳೆಯ ಜೀವ ನಾಲ್ಕು ತಿಂಗಳಲ್ಲಿ ಕೈಜಾರಿಹೋದದ್ದನ್ನು ಕೋಲಿ ಕಡೆಯವರೆಗೂ ಮರೆಯಲಿಲ್ಲ. ಆ ಹುಡುಗಿಯನ್ನು ಒಡಹುಟ್ಟಿದವಳಂತೆ ಪ್ರೀತಿಸಿದ್ದ ಮತ್ತೊಬ್ಬ ಹುಡುಗನೂ ಮರೆಯಲಿಲ್ಲ. ಆತನು ಎಣ್ಣೆಯ ಕುಬೇರನ ಮಗ, ಜಾನ್ ಡಿ. ರಾಕ್‌ಫೆಲರ್ ಕಿರಿಯ, ಆಗ ಹದಿನಾರು ವರ್ಷ.

ಮರಣದ ಬಳಿಕ ಕೋಲಿ ಮಾಡಿದ ಕೆಲಸ ಬಹಳ ಸರಳವಾದದ್ದು, ಮೇಷ್ಟ್ರೊಬ್ಬನು ಮಾಡಬಹುದಾದಂಥದು: ಹಳೆಯ ಕಡತಗಳನ್ನು ತೆಗೆದು ಓದಿದನು. ನ್ಯೂಯಾರ್ಕ್ ಆಸ್ಪತ್ರೆಯಲ್ಲಿ ಹಿಂದಿನ ಹದಿನೈದು ವರ್ಷಗಳಲ್ಲಿ ದಾಖಲಾಗಿದ್ದ ಸಾರ್ಕೋಮಾ ರೋಗಿಗಳ ವಿವರಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋದನು. ಬಹುಪಾಲು ಒಂದೇ ಕಥೆ. ಅವುಗಳ ನಡುವೆ ಒಂದು ಮಾತ್ರ ಬೇರೆಯಾಗಿ ನಿಂತಿತು. ಜರ್ಮನಿಯಿಂದ ವಲಸೆ ಬಂದ ಸ್ಟೈನ್ ಎಂಬ ಬಡವ, ಕತ್ತಿನಲ್ಲಿ ಸಾರ್ಕೋಮಾ. ಹಲವು ಬಾರಿ ಕೊಯ್ದರೂ ಮತ್ತೆ ಮತ್ತೆ ಬೆಳೆದು, ಇನ್ನು ಮುಟ್ಟುವಂತಿಲ್ಲವೆಂದು ವೈದ್ಯರು ಕೈಬಿಟ್ಟಿದ್ದರು. ಅದರ ಮೇಲೆ ಮುಚ್ಚದಿದ್ದ ಗಾಯಕ್ಕೆ ಎರಿಸಿಪೆಲಸ್ ತಗುಲಿತು. ನಮ್ಮ ಆಯುರ್ವೇದದವರು ವಿಸರ್ಪವೆಂದು ಕರೆಯುವ, ಚರ್ಮವು ಕೆಂಪೇರಿ ಉರಿದು ಹರಡುವ ಜ್ವರ ಇದೇ. ಅಂದಿನ ಆಸ್ಪತ್ರೆಗಳಲ್ಲಿ ಅದೆಂದರೆ ಮೃತ್ಯುವಿನ ಇನ್ನೊಂದು ಹೆಸರು. ಸ್ಟೈನನಿಗಾದರೋ ಜ್ವರ ಏರಿದಂತೆಲ್ಲ ಗಂಟು ಕರಗುತ್ತ ಬಂದು, ಜ್ವರ ಬಿಡುವ ವೇಳೆಗೆ ಅಳಿದುಹೋಗಿದ್ದಿತು. ಅವನನ್ನು ಮನೆಗೆ ಕಳಿಸಲಾಯಿತು ಎಂಬಲ್ಲಿಗೆ ಕಡತ ಮುಗಿದಿದ್ದಿತು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಸೋಜಿಗಪಟ್ಟು ಕಡತವನ್ನು ಮುಚ್ಚುತ್ತಿದ್ದರು. ಕೋಲಿ ಮುಚ್ಚಲಿಲ್ಲ. ಸ್ಟೈನ್ ಆಸ್ಪತ್ರೆಯನ್ನು ಬಿಟ್ಟು ಸುಮಾರು ಏಳು ವರ್ಷಗಳಾಗಿದ್ದವು. ನ್ಯೂಯಾರ್ಕಿನ ಪೂರ್ವದ ಕೆಳಭಾಗದಲ್ಲಿ, ವಲಸೆಗಾರ ಬಡವರು ಗೂಡಿನಂಥ ಕೋಣೆಗಳಲ್ಲಿ ಒತ್ತಾಗಿ ವಾಸಿಸುತ್ತಿದ್ದ ಕೇರಿಗಳಲ್ಲಿ, ಮಹಡಿಯಿಂದ ಮಹಡಿಗೆ ಹತ್ತಿ ಇಳಿದು ಆ ಮನುಷ್ಯನನ್ನು ಹುಡುಕಿದನು. ಕಡೆಗೆ ಸಿಕ್ಕಿದನು. ಕತ್ತಿನ ಮೇಲೆ ದೊಡ್ಡ ಕಲೆ, ಗಂಟಿನ ಸುಳಿವಿಲ್ಲ, ಆರೋಗ್ಯವಂತ. ಕೋಲಿಯ ಜೀವನದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಈ ಘಟ್ಟದಲ್ಲಿ. ಸೂಜಿ ಹಿಡಿದದ್ದಕ್ಕಿಂತ ಆ ಮೆಟ್ಟಿಲುಗಳನ್ನು ಹತ್ತಿದ್ದೇ ದೊಡ್ಡದೆಂದು ನನಗೆ ತೋರುತ್ತದೆ.

ಈ ಸಂಗತಿಯನ್ನು ಮೊದಲು ಕಂಡವನು ಕೋಲಿಯೇನಲ್ಲ. ಜರ್ಮನಿಯ ಬುಷ್ ಎಂಬ ವೈದ್ಯನು ೧೮೬೦ರ ದಶಕದಲ್ಲಿಯೇ ಇದನ್ನು ಗುರುತಿಸಿದ್ದನು. ವಿಸರ್ಪಕ್ಕೆ ಕಾರಣವಾದ ಸ್ಟ್ರೆಪ್ಟೋಕಾಕಸ್ ಎಂಬ ಜೀವಾಣುವನ್ನು ಫೆಲೈಸನ್ ಎಂಬಾತನು ೧೮೮೦ರ ದಶಕದ ಆರಂಭದಲ್ಲಿ ಬೇರ್ಪಡಿಸಿದ್ದನು. ಕೋಲಿ ಇವನ್ನೆಲ್ಲ ಓದಿಕೊಂಡು ಬೇಕೆಂದೇ ರೋಗವನ್ನು ಹಚ್ಚಲು ನಿಶ್ಚಯಿಸಿದನು. ೧೮೯೧ರ ಮೇ ತಿಂಗಳಲ್ಲಿ ಮೊದಲ ರೋಗಿ ದೊರೆತನು: ಜೋಲಾ ಎಂಬ ಇಟಲಿಯವನು. ಕತ್ತಿನಲ್ಲೂ ಗಂಟಲಿನಲ್ಲೂ ಸಾರ್ಕೋಮಾ ತುಂಬಿ ಅನ್ನ ಇಳಿಯದೆ ಕೃಶನಾಗಿದ್ದನು. ತಿಂಗಳುಗಟ್ಟಲೆ ಚುಚ್ಚಿದರೂ ವಿಸರ್ಪವು ಹತ್ತಲಿಲ್ಲ. ಊರಿನ ಜೀವಾಣುಗಳಲ್ಲಿ ಕಸುವಿರಲಿಲ್ಲ. ಕಡೆಗೆ ಬರ್ಲಿನ್ನಿನ ಕೋಖ್ ಮಹಾಶಯನ ಪ್ರಯೋಗಶಾಲೆಯಿಂದ ಉಗ್ರವಾದ ಜೀವಾಣುಗಳನ್ನು ತರಿಸಿಕೊಂಡು ಚುಚ್ಚಿದನು. ಚಳಿ, ನಡುಕ, ನೂರೈದು ಡಿಗ್ರಿಯವರೆಗೆ ಜ್ವರ. ಜೋಲಾ ಬದುಕುವುದೇ ಸಂಶಯವಾಯಿತು. ಆದರೆ ಕತ್ತಿನ ಗಂಟು ಒಡೆದು ಕರಗಿತು. ಆತನು ಚೇತರಿಸಿಕೊಂಡು ಸುಮಾರು ಎಂಟು ವರ್ಷ ಬದುಕಿದನು. ಕೊನೆಗೆ ಆ ರೋಗವೇ ಮರಳಿ ಬಂದು ತೀರಿಕೊಂಡನು.

ಇದು ಕತ್ತಿಯ ಅಲಗಿನ ಮೇಲಿನ ನಡಿಗೆಯಾಗಿದ್ದಿತು. ಪೆನಿಸಿಲಿನ್ ಬರುವುದಕ್ಕೆ ಇನ್ನೂ ಅರ್ಧ ಶತಮಾನವಿದ್ದಿತು. ಹಚ್ಚಿದ ಬೆಂಕಿಯನ್ನು ಆರಿಸುವ ನೀರು ಯಾರ ಬಳಿಯೂ ಇರಲಿಲ್ಲ. ಆತನ ರೋಗಿಗಳಲ್ಲಿ ಇಬ್ಬರು ವಿಸರ್ಪದಿಂದಲೇ ಸತ್ತರು. ಇದನ್ನು ಕೋಲಿ ಮುಚ್ಚಿಡಲಿಲ್ಲ. ಆದರೆ ಇಂದಿನ ನ್ಯಾಯಕ್ಕೆ ಇಂಥ ಪ್ರಯೋಗ ಒಪ್ಪಿಗೆಯಾಗದೆಂಬುದನ್ನು ನಾವೂ ಮುಚ್ಚಿಡಬಾರದು. ಆತನು ದಾರಿಯನ್ನು ಬದಲಿಸಿದನು. ಜೀವಂತ ಜೀವಾಣುಗಳ ಬದಲು ಶಾಖದಿಂದ ಕೊಂದವನ್ನು ತೆಗೆದುಕೊಂಡು, ಅವುಗಳೊಡನೆ ಇನ್ನೊಂದು ಜಾತಿಯ ಜೀವಾಣುವನ್ನೂ ಬೆರೆಸಿ, ಔಷಧವೊಂದನ್ನು ಮಾಡಿದನು. ಅದಕ್ಕೆ ಕೋಲಿಯ ವಿಷವೆಂದು ಹೆಸರಾಯಿತು. ೧೮೯೩ರ ಜನವರಿ ೨೪ರಂದು ಅದನ್ನು ಮೊದಲು ಪಡೆದವನು ಜಾನ್ ಫಿಕನ್ ಎಂಬ ಹದಿನಾರರ ಹುಡುಗ. ಹೊಟ್ಟೆಯಲ್ಲಿ ಭಾರಿ ಸಾರ್ಕೋಮಾ. ದಿನ ಬಿಟ್ಟು ದಿನ, ಜ್ವರ ಬರುವವರೆಗೂ ಪ್ರಮಾಣವನ್ನು ಏರಿಸುತ್ತ, ಮೇ ತಿಂಗಳವರೆಗೆ ಚುಚ್ಚಿದನು. ಗಂಟು ಕರಗಿಹೋಯಿತು. ಫಿಕನ್ ಇಪ್ಪತ್ತಾರು ವರ್ಷ ಬಾಳಿ ಹೃದಯಾಘಾತದಿಂದ ತೀರಿಕೊಂಡನು. ಜ್ವರ ಬಾರದ ರೋಗಿಗೆ ಗುಣವಿಲ್ಲವೆಂಬುದು ಕೋಲಿಯ ದೃಢವಾದ ಮತ. ಊರ ವೈದ್ಯರೆಲ್ಲ ಜ್ವರವನ್ನು ಓಡಿಸಲು ಒದ್ದಾಡುತ್ತಿದ್ದರೆ, ಈತನೊಬ್ಬನು ರೋಗಿಯ ಮಂಚದ ಪಕ್ಕದಲ್ಲಿ ಕುಳಿತು ಜ್ವರವನ್ನು ಬೇಡುತ್ತಿದ್ದನು.

ಮುಂದಿನ ನಲವತ್ತು ವರ್ಷಗಳ ವಿವರಗಳನ್ನೆಲ್ಲ ಇಲ್ಲಿ ಹೇಳಬೇಕಾಗಿಲ್ಲ. ಹರ್ನಿಯಾ ಶಸ್ತ್ರಕ್ರಿಯೆಯಲ್ಲಿ ದೊಡ್ಡ ಹೆಸರು ಮಾಡಿದನು. ಮೆಮೋರಿಯಲ್ ಆಸ್ಪತ್ರೆಯಲ್ಲಿ ಮೂಳೆಯ ಗಂಟುಗಳ ವಿಭಾಗದ ಮುಖ್ಯಸ್ಥನಾದನು. ರಾಕ್‌ಫೆಲರನ ಧನಸಹಾಯವೂ ದೊರೆಯಿತು. ತನ್ನ ವಿಷವನ್ನು ಸುಮಾರು ಸಾವಿರ ರೋಗಿಗಳಿಗೆ ಕೊಟ್ಟನು. ಕೆಲವರು ಅದ್ಭುತವಾಗಿ ಗುಣವಾದರು, ಅನೇಕರು ಆಗಲಿಲ್ಲ. ಯಾರಿಗೆ ಏಕೆ ಗುಣವಾಯಿತು, ಯಾರಿಗೆ ಏಕೆ ಇಲ್ಲ ಎಂಬುದನ್ನು ಆತನು ವಿವರಿಸಲಾರದಾದನು. ಇತರ ವೈದ್ಯರು ಪ್ರಯತ್ನಿಸಿದಾಗ ಬಹುಮಟ್ಟಿಗೆ ಸೋತರು.

ಆ ಆಸ್ಪತ್ರೆಯಲ್ಲಿಯೇ ಆತನಿಗೆ ಪ್ರತಿಪಕ್ಷಿಯೊಬ್ಬನಿದ್ದನು: ಜೇಮ್ಸ್ ಯೂಯಿಂಗ್. ರೋಗಲಕ್ಷಣಶಾಸ್ತ್ರದಲ್ಲಿ ದೇಶಕ್ಕೇ ಹಿರಿಯ. ಮೂಳೆಯ ಒಂದು ಬಗೆಯ ಸಾರ್ಕೋಮಾಕ್ಕೆ ಇಂದಿಗೂ ಆತನ ಹೆಸರೇ ಇದೆ. ರೇಡಿಯಂ ಕಿರಣಗಳಲ್ಲಿ ಆತನಿಗೆ ಅಪಾರ ನಂಬಿಕೆ. ಕೋಲಿಯ ವಿಷದಲ್ಲಿ ಅಷ್ಟೇ ಅಪನಂಬಿಕೆ. ಕೋಲಿಯನ್ನು ಮೆಚ್ಚುವವರು ಯೂಯಿಂಗನನ್ನು ಖಳನಾಯಕನಂತೆ ಚಿತ್ರಿಸುವುದುಂಟು. ನನಗೆ ಅದು ಸರಿಯಾಗಿ ತೋರುವುದಿಲ್ಲ. ಕೋಲಿಯ ದಾಖಲೆಗಳು ಅಚ್ಚುಕಟ್ಟಾಗಿರಲಿಲ್ಲ. ಔಷಧದ ಪಾಕ ಕಾಲದಿಂದ ಕಾಲಕ್ಕೆ ಬದಲಾಗುತ್ತಿದ್ದಿತು. ಪ್ರಮಾಣಕ್ಕೆ ಒಂದು ನಿಯಮವಿರಲಿಲ್ಲ. ಎಷ್ಟೋ ರೋಗಿಗಳಿಗೆ ವಿಷದೊಡನೆ ಶಸ್ತ್ರವೂ ಕಿರಣವೂ ಸೇರಿದ್ದರಿಂದ ಯಾವುದರ ಫಲ ಯಾವುದೆಂದು ಬಿಡಿಸುವುದು ಕಷ್ಟ. ಗ್ರೀಕ್ ಪಾಠವನ್ನು ತಿದ್ದುತ್ತಿದ್ದವನು ತನ್ನ ಕಡತವನ್ನು ಮಾತ್ರ ತಿದ್ದಿಕೊಳ್ಳಲಿಲ್ಲ. ಪುರಾವೆ ಕೇಳುವುದು ಯೂಯಿಂಗನ ಹಕ್ಕು. ಕೊಡುವುದು ಕೋಲಿಯ ಹೊಣೆ. ಯೂಯಿಂಗನ ತಪ್ಪಿರುವುದು ಬೇರೆಡೆ. ಒಂದು ಸಂಗತಿಗೆ ಕಾರಣ ತಿಳಿಯದೆಂಬ ಮಾತ್ರಕ್ಕೆ ಆ ಸಂಗತಿಯೇ ಇಲ್ಲವೆಂಬಂತೆ ಆತನು ನಡೆದುಕೊಂಡನು. ಕಿರಣ ಚಿಕಿತ್ಸೆ ಎಲ್ಲೆಡೆ ಹಬ್ಬಿತು. ಆಮೇಲೆ ರಾಸಾಯನಿಕ ಔಷಧಗಳು ಬಂದವು. ಕೋಲಿಯ ವಿಷ ಮೂಲೆಗೆ ಸೇರಿತು. ೧೯೩೬ರ ಏಪ್ರಿಲ್ ೧೬ರಂದು ಕೋಲಿ ತೀರಿಕೊಂಡನು. ಆ ವರ್ಷವೇ ರಾಕ್‌ಫೆಲರ್ ಕಿರಿಯನು ಮೆಮೋರಿಯಲ್ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ನಿವೇಶನವನ್ನು ದಾನ ಮಾಡಿದನು. ಬೆಸ್ಸಿ ಸತ್ತು ಆಗ ನಲವತ್ತೈದು ವರ್ಷಗಳಾಗಿದ್ದವು.

ತಂದೆಯ ಕಾಗದಗಳನ್ನು ಆಮೇಲೆ ಬಿಚ್ಚಿ ನೋಡಿದವಳು ಮಗಳು ಹೆಲೆನ್ ಕೋಲಿ ನಾಟ್ಸ್. ವೈದ್ಯಶಿಕ್ಷಣವಿಲ್ಲದ ಗೃಹಿಣಿ. ತಂದೆ ಸ್ಟೈನನನ್ನು ಹುಡುಕಿದಂತೆಯೇ ಆಕೆ ತಂದೆಯ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ತಂದೆ ಮಾಡದೆ ಬಿಟ್ಟಿದ್ದ ಪಟ್ಟಿಯನ್ನು ವರ್ಷಗಟ್ಟಲೆ ಕುಳಿತು ಮಾಡಿದಳು. ಪಂಡಿತರು ಕಿವಿಗೊಡಲಿಲ್ಲ. ೧೯೫೩ರಲ್ಲಿ ಅಲ್ಪವಾದ ಧನದಿಂದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿದಳು. ಬೇರಾವ ವಿಷಯಕ್ಕೂ ಹೋಗದೆ, ದೇಹದ ಸ್ವಂತ ರಕ್ಷಣಾಶಕ್ತಿಯಿಂದ ಕ್ಯಾನ್ಸರನ್ನು ಎದುರಿಸುವುದೊಂದನ್ನೇ ಅದು ಗುರಿಯಾಗಿ ಹಿಡಿಯಿತು. ಆಕೆ ೨೦೦೧ರವರೆಗೆ ಬದುಕಿದ್ದಳು.

ನನ್ನ ವಿದ್ಯಾರ್ಥಿನಿಯ ರೋಗದ ಹೆಸರು ಹುಟ್ಟಿದ್ದು ಅದಕ್ಕೆ ಒಂದು ವರ್ಷ ಮುಂಚೆ. ೧೯೫೨ರಲ್ಲಿ ಮೆಮೋರಿಯಲ್ ಆಸ್ಪತ್ರೆಯ ಕ್ರಿಸ್ಟೋಫರ್‌ಸನ್, ಫೂಟ್, ಸ್ಟೂವರ್ಟ್ ಎಂಬ ಮೂವರು ಹನ್ನೆರಡು ರೋಗಿಗಳ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ಜೀವಕೋಶಗಳು ಸಣ್ಣ ಸಣ್ಣ ಪೊಟರೆಗಳಲ್ಲಿ ಗುಂಪುಗೂಡಿದಂತೆ ಕಂಡದ್ದರಿಂದ ಆ ಹೆಸರಿಟ್ಟರು. ಮೃದು ಅಂಗಾಂಶಗಳ ಸಾರ್ಕೋಮಾಗಳೇ ವಿರಳ. ಅವುಗಳಲ್ಲಿ ನೂರಕ್ಕೆ ಒಂದೂ ಇಲ್ಲದಷ್ಟು ವಿರಳ ಇದು. ಹೆಚ್ಚಾಗಿ ಹದಿನೈದರಿಂದ ಮೂವತ್ತೈದರ ಪ್ರಾಯದವರನ್ನು ಹಿಡಿಯುತ್ತದೆ. ಎರಡು ವರ್ಣತಂತುಗಳು ಮುರಿದು ತಪ್ಪಾಗಿ ಬೆಸೆದುಕೊಂಡು ಒಂದು ಕೆಟ್ಟ ಜೀನ್ ಹುಟ್ಟುವುದೇ ಇದರ ಬೀಜವೆಂದು ೨೦೦೧ರಲ್ಲಿ ಗೊತ್ತಾಯಿತು. ಬೆಳೆಯುವುದು ನಿಧಾನ, ಆದರೆ ರಕ್ತನಾಳಗಳು ತುಂಬಿದ್ದು, ರಕ್ತದ ದಾರಿಯಲ್ಲೇ ಶ್ವಾಸಕೋಶಕ್ಕೂ ಮೂಳೆಗೂ ಹೋಗುತ್ತದೆ. ಬೇರೆ ಸಾರ್ಕೋಮಾಗಳು ಅಷ್ಟಾಗಿ ಹೋಗದ ಮಿದುಳಿಗೂ ಹೋಗುತ್ತದೆ. ಸಾಮಾನ್ಯ ರಾಸಾಯನಿಕ ಚಿಕಿತ್ಸೆಗೆ ಬಗ್ಗುವುದಿಲ್ಲ.

ಮಿದುಳಿಗೆ ಹೋದ ಗಂಟಿಗೆ ಇಂದು ಎರಡು ಮುಖ್ಯ ಉಪಾಯಗಳಿವೆ. ಒಂದು, ತಲೆಬುರುಡೆಯನ್ನು ತೆರೆದು ಕೀಳುವುದು. ರಕ್ತ ತುಂಬಿದ ಗಂಟಾದ್ದರಿಂದ ಇದು ಹುಷಾರಿನ ಕೆಲಸ. ಇನ್ನೊಂದು, ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ೧೯೫೧ರಲ್ಲಿ ಕಲ್ಪಿಸಿದ್ದು: ಸುತ್ತಲಿನ ಹಲವು ದಿಕ್ಕುಗಳಿಂದ ಸಣ್ಣ ಸಣ್ಣ ಕಿರಣಗಳನ್ನು ಬಿಟ್ಟು, ಅವೆಲ್ಲವೂ ಗಂಟಿನ ಬಿಂದುವೊಂದರಲ್ಲಿಯೇ ಕೂಡುವಂತೆ ಮಾಡುವುದು. ದಾರಿಯಲ್ಲಿನ ಮಿದುಳಿಗೆ ಹೆಚ್ಚು ಕೇಡಾಗದೆ ಗಂಟು ಮಾತ್ರ ಸುಡುತ್ತದೆ. ಕೋಲಿಗೂ ಯೂಯಿಂಗನಿಗೂ ಹೀಗೊಂದು ಯಂತ್ರ ಬರುವುದೆಂದು ಕನಸೂ ಇದ್ದಿರಲಾರದು. ನನ್ನ ವಿದ್ಯಾರ್ಥಿನಿಗೆ ದೊಡ್ಡ ಗಂಟನ್ನು ಕೊಯ್ದು ತೆಗೆದರು. ಚಿಕ್ಕದನ್ನು ಕಿರಣದಿಂದ ಸುಟ್ಟರು. ಆಮೇಲೆ ತೊಡೆಯ ಶಸ್ತ್ರಕ್ರಿಯೆಯಾಯಿತು.

ಉಳಿದದ್ದು ಶ್ವಾಸಕೋಶ, ಮತ್ತು ಕಣ್ಣಿಗೆ ಕಾಣದೆ ರಕ್ತದಲ್ಲಿ ತಿರುಗುವ ಬೀಜಗಳು. ಕೋಲಿ ಮರಳಿ ಬರುವುದು ಇಲ್ಲಿಯೇ. ನಮ್ಮ ದೇಹದಲ್ಲಿ ಕಾವಲು ತಿರುಗುವ ಬಿಳಿಯ ರಕ್ತಕಣಗಳಿಗೆ ಕಡಿವಾಣಗಳುಂಟು. ಇಲ್ಲವಾದರೆ ಅವು ಸ್ವಂತ ಮನೆಯನ್ನೇ ಸುಟ್ಟಾವು. ಕೆಲವು ಕ್ಯಾನ್ಸರ್ ಕೋಶಗಳು ಆ ಕಡಿವಾಣವನ್ನು ತಾವೇ ಎಳೆದು ಹಿಡಿದು ಪಾರಾಗುತ್ತವೆ. ಈ ರಹಸ್ಯವನ್ನು ಬಿಡಿಸಿದ ಜಪಾನಿನ ಹೊಂಜೊ ಮತ್ತು ಅಮೆರಿಕದ ಆಲಿಸನ್ ಇವರಿಗೆ ೨೦೧೮ರಲ್ಲಿ ನೊಬೆಲ್ ಬಹುಮಾನ ಬಂದಿತು. ಕೋಶದ ಆ ಹಿಡಿತವನ್ನು ಬಿಡಿಸುವ ಅಟೆಜೋಲಿಜುಮಾಬ್ ಎಂಬ ಔಷಧವನ್ನು, ಹರಡಿದ ಈ ವಿರಳ ಸಾರ್ಕೋಮಾಕ್ಕೆ ಕೊಡಬಹುದೆಂದು ೨೦೨೨ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ಒಪ್ಪಿತು. ಅಲ್ಲಿನ ಪರೀಕ್ಷೆಯಲ್ಲಿ ಐವತ್ತೆರಡು ರೋಗಿಗಳ ಪೈಕಿ ಹತ್ತೊಂಬತ್ತು ಮಂದಿಯ ಗಂಟುಗಳು ಗಣನೀಯವಾಗಿ ಕುಗ್ಗಿದವು. ಒಬ್ಬರಲ್ಲಿ ಪೂರ್ತಿಯಾಗಿ ಮಾಯವಾದವು. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಉಳಿದವರನ್ನು ನೆನೆದರೆ ಇದನ್ನು ವಿಜಯವೆನ್ನಲು ನಾಲಗೆ ಏಳದು. ಔಷಧವೇ ಇಲ್ಲದಿದ್ದ ಕಾಲವನ್ನು ನೆನೆದರೆ ಅಲ್ಲವೆನ್ನಲೂ ಏಳದು.

ಕೋಲಿಯ ವಿಷವೂ ಈ ಔಷಧವೂ ಒಂದೇ ಎಂದು ಯಾರೂ ತಿಳಿಯಬಾರದು. ಆತನದು ಊರಿಗೆಲ್ಲ ಕೇಳುವಂತೆ ನಗಾರಿ ಬಾರಿಸಿದ ಹಾಗೆ. ಇದು ಒಂದು ಬೀಗಕ್ಕೆ ಒಂದು ಕೀಲಿಕೈ. ಆದರೂ ರೋಗಿಯ ದೇಹದೊಳಗೇ ಒಂದು ಸೈನ್ಯ ಮಲಗಿದೆ, ಅದನ್ನು ಎಬ್ಬಿಸಬಹುದು ಎಂಬ ಶ್ರದ್ಧೆ ಎರಡಕ್ಕೂ ಸಮಾನ. ನೇರವಾದ ವಂಶ ಬೇಕೆಂದರೆ ಅದೂ ಇದೆ: ಕ್ಷಯದ ವಿರುದ್ಧ ಚುಚ್ಚುವ ಬಿ.ಸಿ.ಜಿ. ಜೀವಾಣುವನ್ನು ಇಂದು ಮೂತ್ರಕೋಶದ ಕ್ಯಾನ್ಸರಿಗೆ ಔಷಧವಾಗಿ ಕೊಡುತ್ತಾರೆ. ಯೂಯಿಂಗ್ ೧೯೪೩ರಲ್ಲಿ ತೀರಿಕೊಂಡದ್ದು ಮೂತ್ರಕೋಶದ ಕ್ಯಾನ್ಸರಿನಿಂದ. ಚರಿತ್ರೆಗೆ ಕೆಲವೊಮ್ಮೆ ಕರುಣೆಯಿಲ್ಲದ ಹಾಸ್ಯಪ್ರವೃತ್ತಿ ಇರುತ್ತದೆ.

ನಮ್ಮ ಹುಡುಗಿಗೆ ಮೂರು ವಾರಕ್ಕೊಮ್ಮೆ ಆ ಔಷಧವನ್ನು ರಕ್ತನಾಳದ ಮೂಲಕ ಇಳಿಸುತ್ತಾರೆ. ಬೆಲೆ ಒಬ್ಬ ಉಪಾಧ್ಯಾಯಿನಿ ತಡೆಯುವಂಥದಲ್ಲ. ಸಹೋದ್ಯೋಗಿಗಳೂ ಹಳೆಯ ಸಹಪಾಠಿಗಳೂ ಚಂದಾ ಎತ್ತಿದ್ದಾರೆ. ನಾಲ್ಕನೆಯ ಬಾರಿ ಔಷಧ ಪಡೆದ ಮಾರನೆಯ ದಿನ ಆಕೆಗೆ ಜ್ವರ ಬಂದಿತು. ನೂರೊಂದು ಡಿಗ್ರಿ. ಸುದ್ದಿ ಕೇಳಿದಾಗ, ಕೋಲಿಯ ಚರಿತ್ರೆಯಲ್ಲಿ ಮುಳುಗಿದ್ದ ನನಗೆ ಒಳಗೊಳಗೇ ಸಂತೋಷವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಆಕೆಯ ವೈದ್ಯೆಯ ಬಳಿ ಅಳುಕುತ್ತಲೇ ಕೇಳಿದೆ. ಈ ಔಷಧದಲ್ಲಿ ಜ್ವರವು ಗುಣದ ಚಿಹ್ನೆಯಲ್ಲವೆಂದೂ, ಸೋಂಕು ತಗುಲಿದೆಯೇ ಎಂದು ಮೊದಲು ನೋಡಬೇಕೆಂದೂ ಆಕೆ ತಾಳ್ಮೆಯಿಂದ ತಿಳಿಸಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಸೋಂಕಿರಲಿಲ್ಲ. ಹುಡುಗಿ ಒಂದು ಮಾತ್ರೆ ನುಂಗಿ ಮಲಗಿದಳು; ಸೋಮವಾರ ಶಾಲೆಗೆ ಹೋದಳು. ಮುಂದಿನ ಚಿತ್ರ ಆಷಾಢ ಕಳೆದ ಮೇಲೆ ತೆಗೆಯುತ್ತಾರೆ.